ಹತ್ತು ಗುಂಟೆಯ ಒಣಮೇವು: ಲಾಭವೋ, ನಷ್ಟವೋ?

ಇಂಗ್ಲಿಷ್ ಪಾಠಗಳಲ್ಲಿ ‘ಬಿಸಿಲಿರುವಾಗಲೇ ಹುಲ್ಲು ಒಣಗಿಸಿಕೋ’ ಎಂಬ ಅರ್ಥದ ಗಾದೆಯೊಂದು ಬರುತ್ತದೆ. ಪರೀಕ್ಷೆಯಲ್ಲಿ ಅದಕ್ಕೆ ಸಮನಾದ ಕನ್ನಡ ಗಾದೆ ಕೇಳಿದರೆ ವಿದ್ಯಾರ್ಥಿಗಳು ‘ಗಾಳಿ ಬಂದಾಗ ತೂರಿಕೋ’ ಎಂದು ಬರೆಯುತ್ತಾರೆ. ಉತ್ತರ ಸರಿ. ಆದರೆ ಎರಡು ದೇಶಗಳ ಬೇಸಾಯದ ವ್ಯತ್ಯಾಸವೂ ಅದರಲ್ಲೇ ಇದೆ. ಬಿಸಿಲು ಅಪರೂಪವಾದ ಇಂಗ್ಲೆಂಡಿನಲ್ಲಿ ಹುಲ್ಲು ಒಣಗಿಸುವುದೇ ಒಂದು ದೊಡ್ಡ ಕೆಲಸ. ನಮ್ಮಲ್ಲಿ ರಾಗಿ, ಜೋಳ, ಭತ್ತ ಕೊಯ್ದ ಮೇಲೆ ಉಳಿದದ್ದೇ ಮೇವು. ಹುಲ್ಲಿಗಾಗಿಯೇ ಬೆಳೆ ಇಟ್ಟು, ಹಸಿರಿರುವಾಗಲೇ ಕೊಯ್ದು ಒಣಗಿಸುವ ರೂಢಿ ಕಡಿಮೆ.

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಎರಡು ಮೂರು ಎಕರೆಯ ರೈತರು ಈಗ ಅದನ್ನು ಮಾಡಬಹುದೇ? ಅರಿಶಿನ, ಚೆಂಡುಹೂ, ಸಣ್ಣ ಈರುಳ್ಳಿ, ಸೂರ್ಯಕಾಂತಿ ಬೆಳೆಯುವ ನೆಲದಲ್ಲಿ ಹುಲ್ಲು ಬೆಳೆದು ಒಣಗಿಸಿದರೆ ಗಿಟ್ಟೀತೇ? ಮನೆಯಲ್ಲಿ ಒಂದು ಹಸುವಿದ್ದು, ಡೇರಿಗೆ ಹಾಕುವ ಹಾಲಿನ ದುಡ್ಡಿನಲ್ಲೇ ಮಕ್ಕಳ ಶಾಲೆಯ ಖರ್ಚು ನಡೆಯುವ ಕುಟುಂಬಕ್ಕೆ ಇದು ಸಣ್ಣ ಪ್ರಶ್ನೆಯಲ್ಲ. ಮೇವಿಲ್ಲದೆ ಮಾರ್ಚ್ ತಿಂಗಳಲ್ಲಿ ಹಸು ಮಾರಿದವರು ಜೂನ್‌ನಲ್ಲಿ ಅದೇ ಬೆಲೆಗೆ ಇನ್ನೊಂದನ್ನು ತರಲಾರರು.

ಮೇವು ಕಡಿಮೆಯಾದದ್ದು ಹೇಗೆ?

ಮುಂಗಾರಿನಲ್ಲಿ ಜೋಳ ಬಿತ್ತುತ್ತಿದ್ದ ಎಷ್ಟೋ ಹೊಲಗಳಿಗೆ ಸೂರ್ಯಕಾಂತಿ ಮತ್ತು ಚೆಂಡುಹೂ ಬಂದಿವೆ. ಇವುಗಳಿಂದ ದುಡ್ಡು ಬರುತ್ತದೆ, ಆದರೆ ದನಕ್ಕೆ ಹಾಕುವ ಕಡ್ಡಿ ಬರುವುದಿಲ್ಲ. ಯಂತ್ರದಲ್ಲಿ ಕೊಯ್ಲು ಮಾಡಿದ ಭತ್ತ, ರಾಗಿಯ ಹುಲ್ಲು ತುಂಡಾಗಿ ಗದ್ದೆ ಹೊಲಗಳಲ್ಲೇ ಹರಡಿಕೊಳ್ಳುತ್ತದೆ. ಕೂಡಲೇ ಒಟ್ಟು ಮಾಡದಿದ್ದರೆ ಹಾಳಾಗುತ್ತದೆ. ಗೋಮಾಳಗಳು ಕಿರಿದಾಗಿವೆ. ಇನ್ನು ಬಂಡೀಪುರದ ಕಾಡಿನಂಚಿಗೆ ದನ ಹೊಡೆಯುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಹುಲಿ, ಚಿರತೆಗಳಿರುವ ಕಡೆಗೆ ಶಾಲೆ ಬಿಡಿಸಿ ಹುಡುಗರನ್ನು ದನದ ಹಿಂದೆ ಕಳಿಸುವುದನ್ನು ಯಾರೂ ಒಪ್ಪಲಾರರು.

ಇದರ ಮೇಲೆ ಬರಗಾಲ. 2023ರಲ್ಲಿ ಸರ್ಕಾರವು ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿತು. ಅಂಥ ವರ್ಷ ಎಲ್ಲರೂ ಒಟ್ಟಿಗೆ ಹುಲ್ಲು ಕೊಳ್ಳಲು ಹೊರಡುತ್ತಾರೆ. ಬೆಲೆ ಏರದೆ ಇರುತ್ತದೆಯೇ?

ಒಂದು ಹಸುವಿನ ಲೆಕ್ಕ

ಈಗ ಪೆನ್ಸಿಲು ತೆಗೆದುಕೊಳ್ಳಿ. ಸುಮಾರು 400 ಕಿಲೋ ತೂಗುವ ಹಸುವಿಗೆ ದಿನಕ್ಕೆ ಅದರ ತೂಕದ ಶೇಕಡ 2.5ರಷ್ಟು, ಎಂದರೆ 10 ಕಿಲೋ ಒಣಪದಾರ್ಥ ಬೇಕು. ಒಣಪದಾರ್ಥವೆಂದರೆ ಆಹಾರದಲ್ಲಿನ ನೀರನ್ನು ಕಳೆದು ಉಳಿಯುವ ಭಾಗ. ಇದರಲ್ಲಿ ಒಂದಿಷ್ಟು ಹಿಂಡಿ ಬೂಸಾದಿಂದ, ಒಂದಿಷ್ಟು ರಾಗಿಹುಲ್ಲು, ಹುರುಳಿ ಹೊಟ್ಟಿನಿಂದ ಬರುತ್ತದೆ. ಉಳಿದದ್ದಕ್ಕೆ ದಿನಕ್ಕೆ 5 ಕಿಲೋ ಒಳ್ಳೆಯ ಒಣಹುಲ್ಲು ಎಂದಿಟ್ಟುಕೊಳ್ಳೋಣ. ಜನವರಿಯಿಂದ ಏಪ್ರಿಲ್ ಕೊನೆಯವರೆಗೆ 120 ದಿನ. ಒಟ್ಟು 600 ಕಿಲೋ.

ಹೂ ಬಿಡುವ ಹೊತ್ತಿನ ಮೇವಿನ ಜೋಳದಲ್ಲಿ ಸುಮಾರು ಶೇಕಡ 75 ನೀರಿರುತ್ತದೆ. ಮೆದೆ ಒಟ್ಟಲು ಈ ತೇವಾಂಶ ಶೇಕಡ 15ಕ್ಕೆ ಇಳಿಯಬೇಕು. 100 ಕಿಲೋ ಹಸಿಮೇವಿನಲ್ಲಿ ಒಣಪದಾರ್ಥ 25 ಕಿಲೋ, ಅದನ್ನು 0.85ರಿಂದ ಭಾಗಿಸಿದರೆ 29.4. ಎಂದರೆ 100 ಕಿಲೋ ಹಸಿಮೇವು ಒಣಗಿ 29.4 ಕಿಲೋ ಆಗುತ್ತದೆ. 600 ಕಿಲೋ ಒಣಹುಲ್ಲಿಗೆ ಎರಡು ಟನ್ ಹಸಿಮೇವು ಬೇಕು. ಮಳೆ ಹದವಾಗಿ ಬಿದ್ದರೆ ಎಕರೆಗೆ ಎಂಟು ಟನ್ ಹಸಿಮೇವು ನಿರೀಕ್ಷಿಸಬಹುದು. ಗುಂಟೆಗೆ 200 ಕಿಲೋ. ಅಲ್ಲಿಗೆ ಒಂದು ಹಸುವಿನ ಬೇಸಿಗೆಗೆ ಹತ್ತು ಗುಂಟೆ ಸಾಕು. ಉದುರಿ ಹೋಗುವುದನ್ನೂ ಸೇರಿಸಿ ಹನ್ನೆರಡು ಎನ್ನಿ. ಬದುವಿನ ಹುಲ್ಲನ್ನೂ ಕೊಯ್ದು ಒಣಗಿಸಿದರೆ ಇನ್ನೂ ಕಡಿಮೆ ಸಾಕು.

ಸೂರ್ಯನ ಬಿಟ್ಟಿ ಕೆಲಸ

ಮೇಲಿನ ಲೆಕ್ಕದಲ್ಲಿ 100 ಕಿಲೋ ಮೇವಿನಿಂದ ಸುಮಾರು 70 ಕಿಲೋ ನೀರು ಆವಿಯಾಗಿ ಹೋಗಬೇಕು. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕೆಂದು ಭೌತವಿಜ್ಞಾನದಲ್ಲಿ ಓದಿರುತ್ತೀರಿ. ಒಂದು ಯೂನಿಟ್ ವಿದ್ಯುತ್ತೆಂದರೆ 3,600 ಕಿಲೋಜೂಲ್. ಲೆಕ್ಕ ಹಾಕಿದರೆ 100 ಕಿಲೋಗೆ 47 ಯೂನಿಟ್ ಆಗುತ್ತದೆ. ಎರಡು ಟನ್‌ಗೆ ಹತ್ತಿರ ಹತ್ತಿರ 950 ಯೂನಿಟ್. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್. ಆ ಅಳತೆಯಲ್ಲಿ ಸುಮಾರು ಐದು ತಿಂಗಳ ವಿದ್ಯುತ್ತಿನ ಕೆಲಸವನ್ನು ಸೂರ್ಯ ನಾಲ್ಕೈದು ದಿನಗಳಲ್ಲಿ ಬಿಟ್ಟಿಯಾಗಿ ಮಾಡಿಕೊಡುತ್ತಾನೆ.

ಆದರೆ ತೊಡಕೂ ಇಲ್ಲೇ ಇದೆ. ನಮ್ಮ ಬದುಗಳಲ್ಲಿ ಹುಲ್ಲು ಸೊಂಪಾಗಿ ಬೆಳೆಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಳೆ ಬಿಡದೆ ಹಿಡಿಯುವುದೂ ಆಗಲೇ. ಕೊಯ್ದ ಹುಲ್ಲಿನ ಮೇಲೆ ಮಳೆ ಬಿದ್ದರೆ ಸಕ್ಕರೆಯಂಥ ಕರಗುವ ಸತ್ವಗಳು ತೊಳೆದುಹೋಗುತ್ತವೆ. ಹಸಿಯಾಗಿಯೇ ಮೆದೆ ಒಟ್ಟಿದರೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳ ವಿಷ ಹಾಲಿಗೂ ಇಳಿಯುತ್ತದೆ. ಸೂಕ್ಷ್ಮಜೀವಿಗಳ ಉಸಿರಾಟದಿಂದ ಮೆದೆಯೊಳಗೆ ಶಾಖ ಸೇರಿಕೊಂಡು, ದೊಡ್ಡ ಮೆದೆಯಾದರೆ ಯಾರೂ ಬೆಂಕಿ ಇಡದೆಯೇ ಹೊತ್ತಿಕೊಳ್ಳುವುದೂ ಉಂಟು.

ಆದ್ದರಿಂದ ಬಿತ್ತನೆಯ ದಿನವನ್ನು ಕೊಯ್ಲಿನ ದಿನದಿಂದ ಹಿಂದಕ್ಕೆ ಎಣಿಸಬೇಕು. ಹಿಂಗಾರು ಮಳೆ ಸಾಮಾನ್ಯವಾಗಿ ನವೆಂಬರ್ ಕೊನೆಗೆ ತಗ್ಗುತ್ತದೆ. ಮೇವಿನ ಜೋಳ ಹೂ ಬಿಡಲು ಅರವತ್ತೈದು ಎಪ್ಪತ್ತು ದಿನ ಬೇಕು. ಸೆಪ್ಟೆಂಬರ್ ಕೊನೆಯ ವಾರ ಬಿತ್ತಿದರೆ ಡಿಸೆಂಬರ್ ಮೊದಲ ವಾರದಲ್ಲಿ ಕೊಯ್ಲಿಗೆ ಬರುತ್ತದೆ. ಮಳೆ ಬೆಳೆಸುತ್ತದೆ, ಬಿಸಿಲು ಒಣಗಿಸುತ್ತದೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಡಿಸೆಂಬರಿನಲ್ಲೂ ಮಳೆ ಬರಬಹುದು. ಕುಡುಗೋಲು ಹಿಡಿಯುವ ಮುನ್ನ ಹವಾಮಾನ ವರದಿ ಕೇಳಿಕೊಳ್ಳಿ.

ಬೀಜ ಸ್ವಲ್ಪ ಒತ್ತಾಗಿ ಬಿತ್ತಿದರೆ ದಂಟು ತೆಳುವಾಗಿ ಬೇಗ ಒಣಗುತ್ತದೆ. ನೇಪಿಯರ್ ಹುಲ್ಲಿನ ದಪ್ಪ ದಂಟು ಇದಕ್ಕೆ ಹೊಂದದು; ಅದನ್ನು ಹಸಿಯಾಗಿಯೇ ಹಾಕಬೇಕು. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಸಿಒಎಫ್‌ಎಸ್-29 ಎಂಬ ಮೇವಿನ ಜೋಳವನ್ನು ಮತ್ತೆ ಮತ್ತೆ ಕೊಯ್ಯಬಹುದು. ನಿಮ್ಮ ನೆಲಕ್ಕೆ ಯಾವ ತಳಿ ಒಗ್ಗುತ್ತದೆಂದು ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಒಂದು ಎಚ್ಚರಿಕೆ: ಎಳೆಯ ಜೋಳದಲ್ಲಿ, ಅದರಲ್ಲೂ ಮಳೆಯಿಲ್ಲದೆ ಬಾಡಿದ ಪೈರಿನಲ್ಲಿ ಸಯನೈಡ್ ವಿಷವಿರುತ್ತದೆ. ಹೂ ಬಿಡುವ ಮೊದಲು ದನಕ್ಕೆ ಹಾಕಲೇಬೇಡಿ.

ಒಣಗಿಸುವಾಗ ಎಲೆ ಮೊದಲು ಒಣಗುತ್ತದೆ, ದಂಟು ಆಮೇಲೆ. ಸಸಾರಜನಕ ಹೆಚ್ಚಿರುವುದು ಎಲೆಯಲ್ಲಿ. ಮಟಮಟ ಮಧ್ಯಾಹ್ನ ಮಗುಚಿದರೆ ಎಲೆಯೆಲ್ಲ ಪುಡಿಯಾಗಿ ನೆಲ ಸೇರುತ್ತದೆ. ಬೆಳಗ್ಗೆ ಇಬ್ಬನಿ ಆರುವ ಹೊತ್ತಿಗೆ ಮಗುಚುವುದೇ ಸರಿ. ಬಣ್ಣ ಪೂರ್ತಿ ಬಿಳಿಚಿಕೊಳ್ಳುವವರೆಗೂ ಬಿಡಬಾರದು. ತುಸು ಹಸಿರು ಉಳಿದರೆ ಎ ಜೀವಸತ್ವದ ಮೂಲವಾದ ಕ್ಯಾರೊಟಿನ್ ಕೂಡ ಒಂದಿಷ್ಟು ಉಳಿಯುತ್ತದೆ.

ಗಿಟ್ಟುತ್ತದೆಯೇ?

ಈಗ ದುಡ್ಡಿನ ವಿಚಾರ. ಬೆಲೆ ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬೇರೆ. ಅಂಕಿಗಳನ್ನು ನೀವೇ ತುಂಬಿ. ಒಂದು ಕಡೆ ಉಳುಮೆ, ಬೀಜ, ಕೊಯ್ಲು, ಮಗುಚುವ ಮತ್ತು ಮೆದೆ ಒಟ್ಟುವ ಕೂಲಿ ಬರೆಯಿರಿ. ಆ ಹತ್ತು ಗುಂಟೆಯಲ್ಲಿ ಹುರುಳಿ ಹಾಕಿದ್ದರೆ ಬರುತ್ತಿದ್ದ ಆದಾಯವನ್ನೂ ಬರೆಯಿರಿ. ಮನೆಯವರೇ ಮಾಡಿದ ಕೆಲಸವೆಂದು ಕೂಲಿ ಬಿಡಬೇಡಿ. ತಾಯಿ ನಾಲ್ಕು ದಿನ ಹುಲ್ಲು ಮಗುಚಿದರೆ ಅದು ನಾಲ್ಕು ಆಳಿನ ಕೂಲಿಯೇ. ಇನ್ನೊಂದು ಕಡೆ 600 ಕಿಲೋ ಹುಲ್ಲಿಗೆ ಮಾರ್ಚಿನಲ್ಲಿ ಕೊಡಬೇಕಾದ ಬೆಲೆ, ಅದರ ಗಾಡಿ ಬಾಡಿಗೆ ಬರೆಯಿರಿ.

ಈ ಲೆಕ್ಕದಲ್ಲಿ ಒಂದು ಸಂಗತಿ ತಾನಾಗಿ ಹೊರಬೀಳುತ್ತದೆ. ಹುಲ್ಲಿನ ಬೆಲೆ ಇರುವುದು ಹುಲ್ಲಿನಲ್ಲಲ್ಲ, ಕಾಲದಲ್ಲಿ. ಸುಗ್ಗಿಯಲ್ಲಿ ಕೇಳುವವರಿಲ್ಲದ ವಸ್ತುವಿಗೆ ಬೇಸಿಗೆಯಲ್ಲಿ ಬೆಲೆ ಬರುತ್ತದೆ. ಹೀಗಾಗಿ ಸ್ವಂತ ಹಸುವಿರುವವರಿಗೆ ಹತ್ತು ಗುಂಟೆ ಒಣಮೇವು ಬಹುತೇಕ ಗಿಟ್ಟುತ್ತದೆ. ಅಷ್ಟೇ ಅಲ್ಲ, ಸುಗ್ಗಿಯಲ್ಲಿ ಪಕ್ಕದ ಹೊಲದ ಜೋಳದ ಕಡ್ಡಿಯೋ ರಾಗಿಹುಲ್ಲೋ ನಿಮ್ಮ ಖರ್ಚಿಗಿಂತ ಅಗ್ಗವಾಗಿ ಸಿಕ್ಕರೆ, ಬೆಳೆಯುವ ಬದಲು ಅದನ್ನೇ ಕೊಂಡು ಮೆದೆ ಹಾಕುವುದು ಇನ್ನೂ ಜಾಣತನ. ಆದರೆ ಅದರಲ್ಲಿ ಸತ್ವ ಕಡಿಮೆ. ಹಿಂಡಿ ಸ್ವಲ್ಪ ಹೆಚ್ಚು ಬೇಕಾದೀತು.

ಮಾರುವುದಕ್ಕೆಂದೇ ಒಣಹುಲ್ಲು ಬೆಳೆಯುವುದನ್ನು ಮಾತ್ರ ಸಣ್ಣ ಹಿಡುವಳಿಯವರಿಗೆ ನಾನು ಹೇಳಲಾರೆ. ಹುಲ್ಲು ತೂಕಕ್ಕಿಂತ ಜಾಗ ಹೆಚ್ಚು ತಿನ್ನುವ ಸರಕು. ಲಾಭವನ್ನು ಗಾಡಿ ಬಾಡಿಗೆಯೇ ನುಂಗುತ್ತದೆ. ಪಿಂಡಿ ಕಟ್ಟುವ ಯಂತ್ರವನ್ನು ಹತ್ತು ಗುಂಟೆಗೆ ತರಿಸುವುದೂ ದುಬಾರಿ. ಬೋರ್‌ವೆಲ್‌ನಲ್ಲಿ ಬೇಸಿಗೆಯಲ್ಲೂ ನೀರಿರುವವರು ಬದುವಿನಲ್ಲಿ ಹಸಿಮೇವು ಬೆಳೆದುಕೊಂಡರೆ ಒಣಗಿಸುವ ಕಷ್ಟವೇ ಇಲ್ಲ. ಆದರೆ ಆ ನೀರು ಏಪ್ರಿಲ್‌ವರೆಗೆ ಬರುತ್ತದೆಂಬ ಭರವಸೆ ಎಷ್ಟು ಮಂದಿಗಿದೆ?

ಈ ವಾರದ ಪ್ರಯೋಗ

ವಿದ್ಯಾರ್ಥಿಗಳು ಮನೆಯಲ್ಲೇ ಮಾಡಬಹುದು. ಒಂದು ಕಿಲೋ ಹಸಿ ಮೇವಿನ ಜೋಳವನ್ನು ತೂಗಿ, ಕಟ್ಟಿ ಬಿಸಿಲಿಗೆ ಹಾಕಿ. ದಿನವೂ ಒಂದೇ ಹೊತ್ತಿಗೆ ತೂಗಿ, ತೂಕ ಮತ್ತು ದಿನಗಳ ನಕ್ಷೆ ಬರೆಯಿರಿ. ಸುಮಾರು 300 ಗ್ರಾಂಗೆ ಇಳಿದಾಗ ಹದ ಬಂದಿರುತ್ತದೆ. ಪರೀಕ್ಷಿಸಲು ಒಣಗಿದ ಗಾಜಿನ ಸೀಸೆಯಲ್ಲಿ ಒಂದು ಹಿಡಿ ಕತ್ತರಿಸಿದ ಹುಲ್ಲು, ಒಂದು ಚಮಚ ಒಣ ಪುಡಿಯುಪ್ಪು ಹಾಕಿ ಮುಚ್ಚಿ ಚೆನ್ನಾಗಿ ಅಲುಗಿಸಿ. ಉಪ್ಪು ಗಂಟುಗಟ್ಟಿದರೆ ಇನ್ನೂ ತೇವವಿದೆ; ಬಿಡಿಬಿಡಿಯಾಗಿ ಉಳಿದರೆ ಮೆದೆಗೆ ಸಿದ್ಧ.

ಫಲಿತಾಂಶವನ್ನು ತಂದೆ ತಾಯಿಗೆ ತೋರಿಸಿ, ಮೇಲಿನ ಖರ್ಚು ವೆಚ್ಚದ ಪಟ್ಟಿಯನ್ನು ಅವರೊಡನೆ ಕುಳಿತು ತುಂಬಿ. ಅಂಕಿಗಳು ಅವರಿಗೆ ಗೊತ್ತು, ಭಾಗಾಕಾರ ನಿಮಗೆ ಗೊತ್ತು. ಸೆಪ್ಟೆಂಬರಿನ ಬಿತ್ತನೆಗೆ ಮುಂಚೆ ಈ ಲೆಕ್ಕ ಮುಗಿದಿರಲಿ.