ರೈತ ಉದ್ಯಮಿಯಾಗಬೇಕಂತೆ

ಕಳೆದ ತಿಂಗಳು ನಮ್ಮ ವಿಭಾಗದಲ್ಲಿ ಗ್ರಾಮೀಣ ಬದುಕಿನ ಬಗ್ಗೆ ಒಂದು ವಿಚಾರ ಸಂಕಿರಣ ನಡೆಯಿತು. ಸಮಾರೋಪಕ್ಕೆ ಬಂದ ಅತಿಥಿಗಳು, ರೈತ ಬೆಳೆದದ್ದನ್ನು ಹಾಗೇ ಮಾರುವುದನ್ನು ಬಿಡಬೇಕು, ಮೌಲ್ಯವರ್ಧನೆ ಮಾಡಬೇಕು, ಉದ್ಯಮಿಯಾಗಬೇಕು ಎಂದರು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿದ್ದ ನಾನೂ ತಟ್ಟಿದೆ, ಅಭ್ಯಾಸಬಲ. ಅಷ್ಟರಲ್ಲಿ ಫೋನಿಗೆ ಬ್ಯಾಂಕಿನ ಸಂದೇಶ ಬಂತು. ಖಾತೆಯಲ್ಲಿ ಹಣ ಸಾಲದೆ ಈ ತಿಂಗಳ ಕಂತು ಕಡಿತವಾಗಿಲ್ಲ. ಆ ಸಾಲಕ್ಕೆ ಅಪ್ಪ ಸಾಲಗಾರ, ನಾನು ಸಹಸಾಲಗಾರ್ತಿ.

ನಮ್ಮದು ಮಂಡ್ಯ ಕಡೆಯ ಒಂದು ಆಲೆಮನೆ. ತಾತನ ಕಾಲದ್ದು. ಒಂದು ಗಾಣ, ಒಂದು ಕೊಪ್ಪರಿಗೆ, ನಮ್ಮ ಎರಡೂವರೆ ಎಕರೆ ಕಬ್ಬು, ಅಕ್ಕಪಕ್ಕದವರದ್ದು ಒಂದಿಷ್ಟು. ದೊಡ್ಡ ಲಾಭವೇನೂ ಇರಲಿಲ್ಲ, ಆದರೆ ಯಾರಿಗೂ ಹೆದರಿ ಬದುಕುವ ಸ್ಥಿತಿಯೂ ಇರಲಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಕಿರು ಆಹಾರ ಸಂಸ್ಕರಣೆಗೆ ಸಹಾಯಧನದ ಯೋಜನೆ ತಂದಿತು. ಮಂಡ್ಯ ಜಿಲ್ಲೆಗೆ ಬೆಲ್ಲವೇ ಗೊತ್ತಾದ ಉತ್ಪನ್ನ. ಯೋಜನೆಯದ್ದು ಶೇ. 35, ರಾಜ್ಯದ್ದು ಮೇಲೆ ಶೇ. 15. ಅರ್ಧ ದುಡ್ಡು ಸರ್ಕಾರವೇ ಕೊಡುತ್ತದೆ ಎಂದಾಗ ಬೇಡ ಎನ್ನುವವರು ಯಾರು? 2022ರಲ್ಲಿ 20 ಲಕ್ಷದ ಯೋಜನಾ ವರದಿ ಸಿದ್ಧವಾಯಿತು. ಸ್ಟೀಲ್ ಕೊಪ್ಪರಿಗೆ, ಹೊಸ ಶೆಡ್ಡು, ಬೆಲ್ಲದ ಪುಡಿ ಮಾಡುವ ಯಂತ್ರ, ಪ್ಯಾಕಿಂಗ್. ನಮ್ಮ ಪಾಲಿನ ಶೇ. 10ಕ್ಕೆ ಅವ್ವನ ಒಡವೆ ಹೋಯಿತು.

ಆ ವರದಿಯನ್ನು ನಾನು ಈಚೆಗೆ ಮತ್ತೆ ಓದಿದೆ. ಸಂಶೋಧಕಿ ಅಲ್ಲವೇ, ಪಠ್ಯ ಸಿಕ್ಕರೆ ಬಿಡುವುದಿಲ್ಲ. ಅದರಲ್ಲಿ ಕೂಲಿಯಾಳುಗಳ ಖರ್ಚಿದೆ, ವಿದ್ಯುತ್ ಖರ್ಚಿದೆ, ಸುಣ್ಣದ ಖರ್ಚೂ ಇದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಆಳುಗಳಿಗೆ ಅಡುಗೆ ಮಾಡಿ, ಮಧ್ಯಾಹ್ನವೆಲ್ಲ ಅಚ್ಚು ತೊಳೆದು, ರಾತ್ರಿ ಪ್ಯಾಕೆಟ್ ಕಟ್ಟುವ ಅವ್ವನ ಹೆಸರಿನಲ್ಲಿ ಒಂದು ರೂಪಾಯಿ ಇಲ್ಲ. ಅಪ್ಪನದ್ದಿಲ್ಲ, ಅಣ್ಣನದ್ದಿಲ್ಲ. ಮೂವರಿಗೂ ಊರಿನಲ್ಲಿ ನಡೆಯುವ ಕೂಲಿ ಹಾಕಿ ಕಳೆದು ನೋಡಿದೆ. ಕೊನೆಯ ಪುಟದಲ್ಲಿ 'ನಿವ್ವಳ ಲಾಭ' ಎಂದು ದಪ್ಪಕ್ಷರದಲ್ಲಿದ್ದ ಮೊತ್ತ ಬಹುಪಾಲು ಅಲ್ಲಿಗೇ ಮುಗಿಯಿತು. ಲಾಭ ಎಂದು ನಾವು ಓದಿದ್ದು ಮನೆಯವರಿಗೆ ಕೊಡದೆ ಉಳಿಸಿದ ಕೂಲಿ.

ಸಹಾಯಧನದ ಕಥೆಯೂ ಕೇಳಿ. ಆ ದುಡ್ಡು ನಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಮೂರು ವರ್ಷ ಕೂತಿರುತ್ತದೆ. ಸಾಲ ಸುಸ್ತಿಯಾಗದೆ ನಡೆದು, ಘಟಕವೂ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆ. ಅಷ್ಟು ಹಣಕ್ಕೆ ಬಡ್ಡಿ ಹಾಕುವುದಿಲ್ಲ ಎಂಬುದು ನಿಜ, ಒಪ್ಪುತ್ತೇನೆ. ಆದರೆ ಎಡವುವ ಸಾಧ್ಯತೆ ಹೆಚ್ಚಿರುವುದೇ ಆ ಮೊದಲ ಮೂರು ವರ್ಷಗಳಲ್ಲಿ. ಉಳಿದ 8 ಲಕ್ಷಕ್ಕೆ ನಮ್ಮ ಕಂತು ತಿಂಗಳಿಗೆ 17,400ರ ಹತ್ತಿರ.

ತಿಂಗಳಿಗೆ. ನನ್ನ ಸಿಟ್ಟೆಲ್ಲ ಈ ಒಂದು ಪದದ ಮೇಲೆ. ಆಲೆಮನೆಗೆ ತಿಂಗಳಿಲ್ಲ, ಹಂಗಾಮಿದೆ. ಮಳೆ ಹಿಡಿದರೆ ಕಬ್ಬಿನ ಸಿಪ್ಪೆ ಒಣಗುವುದಿಲ್ಲ, ಸಿಪ್ಪೆ ಒಣಗದಿದ್ದರೆ ಒಲೆ ಉರಿಯುವುದಿಲ್ಲ. ಸಂಕ್ರಾಂತಿಗೆ, ಯುಗಾದಿಗೆ ಬೇಡಿಕೆ ಏರುತ್ತದೆ, ಆಷಾಢದಲ್ಲಿ ಕೇಳುವವರಿಲ್ಲ. ಕಂತು ಮಾತ್ರ ಪ್ರತಿ ತಿಂಗಳು 5ನೇ ತಾರೀಖು.

ಇದೇ ಕಬ್ಬು ಹೊಲದಲ್ಲಿದ್ದಾಗ ಬ್ಯಾಂಕಿನ ನಿಯಮ ಬೇರೆ. ಬೆಳೆಸಾಲ ವಸೂಲಾಗದ ಸಾಲವೆಂದು ಎಣಿಕೆಯಾಗುವುದು ಬೆಳೆಯ ಹಂಗಾಮಿನ ಲೆಕ್ಕದಲ್ಲಿ. ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು ಹಂಗಾಮು ಕಾಯುತ್ತಾರೆ. ಸಹಕಾರ ಸಂಘದಲ್ಲಾದರೆ ರಾಜ್ಯ ಸರ್ಕಾರ 5 ಲಕ್ಷದವರೆಗೆ ಬಡ್ಡಿಯೇ ಇಲ್ಲದ ಬೆಳೆಸಾಲ ಘೋಷಿಸಿದೆ. ಆ ಕಬ್ಬನ್ನು ಕಡಿದು ನೂರು ಮಾರು ಆಚೆ ನಮ್ಮದೇ ಗಾಣಕ್ಕೆ ಹಾಕಿದ ಕ್ಷಣದಿಂದ ನಾವು ಉದ್ಯಮಿಗಳು. 90 ದಿನ ಬಾಕಿ ಉಳಿದರೆ ಖಾತೆ ಕೆಟ್ಟಿತು. ಬಡ್ಡಿ ಶೇ. 11. ಮಳೆ, ನಾಲೆ, ಕರೆಂಟು ಎಲ್ಲವೂ ಮೊದಲಿನವೇ. ಹೊಸದಾಗಿ ಬಂದದ್ದು 'ಉದ್ಯಮಿ' ಎಂಬ ಬಿರುದು ಮಾತ್ರ.

2023ರಲ್ಲಿ ಮಳೆ ಕೈಕೊಟ್ಟು ಕೆಆರ್‌ಎಸ್ ತುಂಬಲಿಲ್ಲ, ನಾಲೆಗೆ ಸರಿಯಾಗಿ ನೀರು ಬರಲಿಲ್ಲ. ಟನ್ ಕಬ್ಬಿಗೆ ಸುಮಾರು ಒಂದು ಕ್ವಿಂಟಾಲ್ ಬೆಲ್ಲ. ಆ ಲೆಕ್ಕ ಯಾವ ತರಬೇತಿಯಿಂದಲೂ ಬದಲಾಗುವುದಿಲ್ಲ. ಕಬ್ಬಿನ ಬೆಲೆ ಏರಿತು, ಹೊರಗಿನಿಂದ ತರಲು ಅಪ್ಪ ಕೈಸಾಲ ಮಾಡಿದರು. ಉತ್ತರ ಪ್ರದೇಶದಿಂದ ಬಂದಿದ್ದ ಆಳುಗಳಿಗೆ ಮುಂಗಡ ಕೊಟ್ಟಾಗಿತ್ತು, ಕೆಲಸವಿರಲಿಲ್ಲ.

ಮಾರುಕಟ್ಟೆ ಹೇಗಿತ್ತು? ನಾವು ಹೈಡ್ರೋಸ್ ಹಾಕುವುದಿಲ್ಲ, ಬೆಂಡೆ ಗಿಡದ ಲೋಳೆಯಿಂದ ಮಡ್ಡಿ ತೆಗೆಯುತ್ತೇವೆ. ಹಾಗಾಗಿ ಬೆಲ್ಲ ಕಪ್ಪು. ಮಂಡಿಯಲ್ಲಿ ಹೊಳೆಯುವ ಹಳದಿ ಬೆಲ್ಲಕ್ಕೇ ಒಳ್ಳೆಯ ರೇಟು. 'ರಾಸಾಯನಿಕ ಬೇಡ' ಎಂದು ಬರೆಯುವ ನಮ್ಮಂಥವರೂ ಅಂಗಡಿಯಲ್ಲಿ ಕೈಹಾಕುವುದು ಹಳದಿಗೇ. ಪ್ಯಾಕೆಟ್ ಮಾಡಿ ಮಾರೋಣವೆಂದರೆ, 2022ರ ಜುಲೈ 18ರಿಂದ ಲೇಬಲ್ ಹಚ್ಚಿದ ಪ್ಯಾಕೆಟ್ ಬೆಲ್ಲಕ್ಕೆ ಶೇ. 5 ಜಿಎಸ್‌ಟಿ ಬಿತ್ತು. ಬಿಡಿಯಾಗಿ ಮಾರಿದರೆ ತೆರಿಗೆಯಿಲ್ಲ. ಮೌಲ್ಯವರ್ಧನೆ ಮಾಡಿ ಎಂದವರೇ ವರ್ಧಿಸಿದ ಮೌಲ್ಯಕ್ಕೆ ತೆರಿಗೆ ಹಾಕಿದರು. ಇನ್ನು ಬೆಂಗಳೂರಿನ ಅಂಗಡಿಗಳು. ಮಾಲು ತೆಗೆದುಕೊಂಡು ಎರಡು ತಿಂಗಳಿಗೆ ದುಡ್ಡು. ಕಿರು ಉದ್ದಿಮೆಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ದೂರು ಕೊಟ್ಟರೆ ಮರುದಿನ ಆ ಅಂಗಡಿಯ ಕಪಾಟಿನಲ್ಲಿ ನಮ್ಮ ಬೆಲ್ಲ ಇರುವುದಿಲ್ಲ ಎಂಬುದನ್ನು ಕಾಯ್ದೆ ಹೇಳುವುದಿಲ್ಲ.

ಅಪ್ಪ ಲೆಕ್ಕ ಸರಿಯಾಗಿ ಇಡಲಿಲ್ಲ, ಅದೂ ಹೌದು. ಅಣ್ಣ ಹಟ ಹಿಡಿದು ಕೊಂಡ ಪುಡಿ ಯಂತ್ರ ವರ್ಷದಲ್ಲಿ ಎರಡು ತಿಂಗಳು ಓಡಿದರೆ ಹೆಚ್ಚು. ಆದರೆ ನಮ್ಮ ತಪ್ಪುಗಳನ್ನು ಪಟ್ಟಿ ಮಾಡುವವರು ಈ ಒಂದು ಪ್ರಶ್ನೆಗೆ ಉತ್ತರ ಕೊಡಲಿ. ಕಂತನ್ನು ಹಂಗಾಮು ಮುಗಿದ ಮೇಲೆ, ವರ್ಷಕ್ಕೆ ಎರಡು ಸಲ ಕಟ್ಟಿಸಿಕೊಂಡರೆ ಬ್ಯಾಂಕಿಗೆ ಏನು ನಷ್ಟ? ಬರ ಘೋಷಣೆಯಾದ ವರ್ಷ ಹೊಲದ ಸಾಲದ ಜೊತೆ ರೈತನ ಆಲೆಮನೆಯ, ಎಣ್ಣೆಗಾಣದ, ಹಿಟ್ಟಿನ ಗಿರಣಿಯ ಸಾಲವನ್ನೂ ತಾನಾಗಿಯೇ ಮುಂದೂಡಿದರೆ ಯಾವ ಆಕಾಶ ಕಳಚಿ ಬೀಳುತ್ತದೆ? ದೊಡ್ಡದಾಗದೆ ಇದ್ದಷ್ಟರಲ್ಲೇ ಇರುತ್ತೇನೆ, ಹಳೆಯ ಒಲೆ ರಿಪೇರಿಗೆ 2 ಲಕ್ಷ ಕೊಡಿ ಎಂದವನಿಗೆ ಯಾಕೆ ಸುತ್ತಿಸುತ್ತಾರೆ, 20 ಲಕ್ಷ ಕೇಳಿದವನಿಗೆ ಯಾಕೆ ಕುರ್ಚಿ ಹಾಕುತ್ತಾರೆ?

ಗೆಳೆಯರೇ, ನಾವು ರೈತನ ಬಗ್ಗೆ ಬರೆಯುವಾಗ ಮಣ್ಣು, ಮಳೆ, ಎತ್ತು ಬರುತ್ತವೆ. ನನ್ನ ಪ್ರಬಂಧದ ಮೂರು ಅಧ್ಯಾಯಗಳಲ್ಲಿ ಒಂದು ಕಡೆಯೂ ಬ್ಯಾಂಕ್ ಬಂದಿಲ್ಲ. ನನ್ನ 37,000 ಫೆಲೋಶಿಪ್‌ನಲ್ಲಿ ಅರ್ಧದ ಹತ್ತಿರ ಹೋಗುವುದು ಅಲ್ಲಿಗೇ. ಅದು ಬರುವುದೂ ಹಂಗಾಮಿನ ಹಾಗೆ, ಎರಡು ಮೂರು ತಿಂಗಳಿಗೊಮ್ಮೆ.

ಮೊನ್ನೆ ಅಪ್ಪ ಫೋನ್ ಮಾಡಿದ್ದರು. ತಾಲ್ಲೂಕಿನಲ್ಲಿ ರೈತರಿಗೆ ತರಬೇತಿ ಇದೆಯಂತೆ, 'ಯಶಸ್ವಿ ಉದ್ದಿಮೆದಾರ' ಅಂತ ಇವರನ್ನೇ ಮಾತಾಡಲು ಕರೆದಿದ್ದಾರಂತೆ. "ಎರಡು ಪುಟ ಬರ್ಕೊಡು ಮಗಾ, ಚೆನ್ನಾಗಿರ್ಲಿ," ಎಂದರು. ಆಮೇಲೆ ಸ್ವಲ್ಪ ತಡೆದು, "ದುಡ್ಡು ಬಂತಾ ನಿಂದು?" ಎಂದು ಕೇಳಿದರು. ಬಂದಿಲ್ಲ ಎಂದೆ. ಭಾಷಣವನ್ನೂ ಇನ್ನೂ ಬರೆದುಕೊಟ್ಟಿಲ್ಲ.