ತಾಂಡಾದ ಮಕ್ಕಳಿಗೆ ಹಾಸ್ಟೆಲ್: ಯಾರ ಷರತ್ತಿನ ಮೇಲೆ?

"ತಾಂಡಾದಲ್ಲಿದ್ದರೆ ಹಾಳಾಗುತ್ತವೆ, ಹಾಸ್ಟೆಲಿಗೆ ಹಾಕಿದರೆ ಮನುಷ್ಯರಾಗುತ್ತವೆ." ಲಂಬಾಣಿ ಮಕ್ಕಳ ಮಾತು ಬಂದಾಗಲೆಲ್ಲ ನಮ್ಮ ಬಸವಾಪಟ್ಟಣದ ಚಹಾದಂಗಡಿಯಲ್ಲೂ ಮೇಷ್ಟ್ರುಗಳ ಕೋಣೆಯಲ್ಲೂ ಈ ವಾಕ್ಯ ಕೇಳಿಬರುತ್ತದೆ. ಹೇಳುವವರು ಕೆಟ್ಟವರೇನಲ್ಲ. ಆ ಮಕ್ಕಳಿಗೆ ಪುಸ್ತಕ, ಬಟ್ಟೆ ಕೊಡಿಸಿದವರೂ ಅವರಲ್ಲಿದ್ದಾರೆ. ಆದರೂ ಈ ಮಾತನ್ನು ನಾವು ಒಪ್ಪುವುದಿಲ್ಲ. ಹಾಸ್ಟೆಲ್ ಬೇಡವೆಂದಲ್ಲ, ಅದು ಬೇಕೇ ಬೇಕು. ಆದರೆ ಮಗುವನ್ನು ಹೆತ್ತವರಿಂದ ಪಾರುಮಾಡುವ ಉಪಾಯವೆಂದು ಹಾಸ್ಟೆಲನ್ನು ತಿಳಿದವರು, ಸೀಟು ಕೊಡಿಸಿದ ದಿನವೇ ಕೈ ತೊಳೆದುಕೊಳ್ಳುತ್ತಾರೆ. ಅರ್ಧ ವರ್ಷಕ್ಕೆ ಆ ಮಗು ಓಡಿಬಂದರೆ "ನಾವು ಹೇಳಲಿಲ್ಲವೇ, ಈ ಜನಕ್ಕೆ ಓದು ಹತ್ತುವುದಿಲ್ಲ" ಎಂದು ತೀರ್ಪು ಕೊಡುವವರೂ ಅವರೇ.

ಹಾಸ್ಟೆಲ್ ಏಕೆ ಬೇಕೆಂಬುದನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸೀಮೆಯ ತಾಂಡಾಗಳನ್ನು ಬಲ್ಲವರಿಗೆ ವಿವರಿಸಬೇಕಿಲ್ಲ. ಮಳೆಗಾಲದಲ್ಲಿ ಮೆಕ್ಕೆಜೋಳದ ಹೊಲ, ಆಮೇಲೆ ಅಡಿಕೆ ಸುಲಿಯುವ ಕೆಲಸ, ದೀಪಾವಳಿ ಕಳೆದು ಚಳಿ ಬಿದ್ದಿತೆಂದರೆ ಚಿಕ್ಕಮಗಳೂರಿನ ಕಡೆಯ ಕಾಫಿ ತೋಟ. ಕೆಲವರಿಗೆ ಕಬ್ಬು ಕಡಿಯುವ ಗ್ಯಾಂಗು. ಮೇಸ್ತ್ರಿ ಕೊಟ್ಟ ಮುಂಗಡ ಆಗಲೇ ಖರ್ಚಾಗಿರುತ್ತದೆ, ಹೋಗದೆ ವಿಧಿಯಿಲ್ಲ. ಶಾಲೆ ತೆರೆಯುವುದು ಜೂನ್ ಹೊತ್ತಿಗೆ, ವಾರ್ಷಿಕ ಪರೀಕ್ಷೆ ಮಾರ್ಚ್ ಹೊತ್ತಿಗೆ. ಕಾಫಿ ಹಣ್ಣು ಬಿಡಿಸುವ ಕಾಲ ಇವೆರಡರ ನಡುವೆ ಬಂದು ಬೀಳುತ್ತದೆ. ಮನೆಯಲ್ಲಿ ಅಜ್ಜಿ ಗಟ್ಟಿಯಾಗಿದ್ದರೆ ಮಗು ಊರಲ್ಲಿ ಉಳಿಯುತ್ತದೆ. ಇಲ್ಲವಾದರೆ ಅದೂ ಟೆಂಪೋ ಹತ್ತಿ ತೋಟದ ಲೈನ್ ಮನೆಗೆ ಹೋಗುತ್ತದೆ. ಹೆಣ್ಣುಮಗುವಾದರೆ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಅಲ್ಲಿ ದಿನ ಕಳೆಯುತ್ತದೆ. ಸಂಸ್ಕೃತಿ ಕೆಡುತ್ತದೆ, ಆದ್ದರಿಂದ ವಸತಿ ಶಾಲೆಗಳೇ ಬೇಡ ಎಂದು ದೂರದ ನಗರಗಳಲ್ಲಿ ಕುಳಿತು ಬರೆಯುವವರೊಡನೆ ಕೂಡ ನಮ್ಮ ಜಗಳವಿದೆ. ಅವರ ಮಕ್ಕಳು ಕಾಫಿ ತೋಟಕ್ಕೆ ಹೋಗುವುದಿಲ್ಲ.

ಮಗುವನ್ನು ಮನೆಯಿಂದ ಕಿತ್ತರೆ ಅದು ಉದ್ಧಾರವಾಗುತ್ತದೆಂಬ ವಿಚಾರ ಚಹಾದಂಗಡಿಯಲ್ಲಿ ಹುಟ್ಟಿದ್ದಲ್ಲ. ಒಂದು ಕಾಲಕ್ಕೆ ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶದ ಉದ್ದಗಲಕ್ಕೆ ಸಾಗಿಸುತ್ತಿದ್ದವರು ಬಂಜಾರರು. ರೈಲು ಬಂದ ಮೇಲೆ ಆ ವ್ಯಾಪಾರ ಹೋಯಿತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಅಲೆಮಾರಿಗಳ ಇಡೀ ಇಡೀ ಸಮುದಾಯಗಳು ಹುಟ್ಟಿನಿಂದಲೇ ಕಳ್ಳರೆನಿಸಿಕೊಂಡವು. ಹಲವೆಡೆ ಲಂಬಾಣಿಗಳೂ ಆ ಪಟ್ಟಿಗೆ ಸೇರಿದರು. 1897ರ ತಿದ್ದುಪಡಿಯಂತೂ ನಾಲ್ಕರಿಂದ ಹದಿನೆಂಟು ವರ್ಷದ ಹುಡುಗರನ್ನು ತಾಯಿತಂದೆಯರಿಂದ ಬೇರ್ಪಡಿಸಿ ಸುಧಾರಣಾ ನೆಲೆಗಳಲ್ಲಿಡಲು ಸರಕಾರಗಳಿಗೆ ಅಧಿಕಾರ ಕೊಟ್ಟಿತು. ಕಾಯ್ದೆ 1952ರಲ್ಲಿ ರದ್ದಾಯಿತು. "ಹಾಸ್ಟೆಲಿಗೆ ಹಾಕಿದರೆ ಮನುಷ್ಯರಾಗುತ್ತವೆ" ಎಂಬ ವಾಕ್ಯದಲ್ಲಿ ಅದು ಇನ್ನೂ ಉಸಿರಾಡುತ್ತಿದೆ.

ಇದೇ ವಿಚಾರ ಬೇರೆ ದೇಶಗಳಲ್ಲಿ ಏನು ಮಾಡಿತೆಂಬುದಕ್ಕೂ ದಾಖಲೆಯಿದೆ. ಕೆನಡಾದಲ್ಲಿ ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ವಸತಿ ಶಾಲೆಗಳಲ್ಲಿಟ್ಟು ಅವರ ಭಾಷೆಯನ್ನೇ ಮರೆಸಲು ಹೊರಟರು. ಅದನ್ನು ವಿಚಾರಿಸಿದ ಆಯೋಗವು 2015ರಲ್ಲಿ ಅದಕ್ಕಿಟ್ಟ ಹೆಸರು ಸಾಂಸ್ಕೃತಿಕ ನರಮೇಧ. ಆಸ್ಟ್ರೇಲಿಯದಲ್ಲಿ ದಶಕಗಳ ಕಾಲ ಮೂಲನಿವಾಸಿ ಮಕ್ಕಳನ್ನು ಮನೆಗಳಿಂದ ಕಿತ್ತುಕೊಂಡದ್ದಕ್ಕೆ 2008ರ ಫೆಬ್ರುವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಅದೇ ಆಸ್ಟ್ರೇಲಿಯದಲ್ಲಿ ಈಗಲೂ ದೂರದ ನೆಲೆಗಳ ಮೂಲನಿವಾಸಿ ಮಕ್ಕಳು ವಸತಿ ಶಾಲೆಗೆ ಹೋಗುತ್ತಾರೆ. ಆದರೆ ಅವರಿಗಿರುವ ಸರಕಾರಿ ನೆರವಿನಲ್ಲಿ ಶುಲ್ಕ, ಊಟದ ಜೊತೆಗೆ ಮನೆಗೆ ಹೋಗಿಬರುವ ಪ್ರಯಾಣದ ಖರ್ಚೂ ಸೇರಿದೆ. ಅಲ್ಲಿ ಎಲ್ಲವೂ ಸರಿಯಿದೆ ಎನ್ನುತ್ತಿಲ್ಲ. ಮಗು ಮನೆಗೆ ಹೋಗುವುದೂ ಶಿಕ್ಷಣದ ಖರ್ಚೇ ಎಂದು ಒಪ್ಪಿಕೊಂಡ ಮಾತನ್ನಷ್ಟೇ ಗಮನಿಸಬೇಕು.

ನಮ್ಮ ರಾಜ್ಯದಲ್ಲಿ ವಸತಿ ಶಾಲೆಗಳಿಗೆ ಬರವಿಲ್ಲ. ಅವುಗಳ ಆಡಳಿತಕ್ಕೆಂದೇ 1999ರಲ್ಲಿ ಸ್ಥಾಪನೆಯಾದ ಸಂಘವಿದೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಹೆಸರಿನ ಶಾಲೆಗಳಿವೆ. ಆದರೆ ಒಳಗೆ ಹೋಗುವುದು ಆರನೆಯ ತರಗತಿಗೆ, ಅದೂ ಪ್ರವೇಶ ಪರೀಕ್ಷೆ ಬರೆದು. ಐದನೆಯ ತರಗತಿಯ ಅರ್ಧ ವರ್ಷವನ್ನು ಕಾಫಿ ತೋಟದಲ್ಲಿ ಕಳೆದ ಮಗು ಯಾವ ಪರೀಕ್ಷೆ ಬರೆದೀತು? ಅರ್ಜಿ ಹಾಕುವ ದಿನಗಳಲ್ಲಿ ಅದರ ಅಪ್ಪ ಊರಲ್ಲೇ ಇರುವುದಿಲ್ಲ. ಪಟ್ಟಿಗಳ ವಿಚಿತ್ರವೂ ಒಂದಿದೆ. ಆಂಧ್ರ, ತೆಲಂಗಾಣಗಳಲ್ಲಿ ಇದೇ ಜನ ಪರಿಶಿಷ್ಟ ಪಂಗಡ. ಇಲ್ಲಿ ಪರಿಶಿಷ್ಟ ಜಾತಿ. ಹಾಗಾಗಿ ಗಿರಿಜನರಿಗೆಂದು ತೆರೆದ, ಒಂದನೆಯ ತರಗತಿಯಿಂದಲೇ ಇಟ್ಟುಕೊಳ್ಳುವ ಆಶ್ರಮ ಶಾಲೆಗಳು ಇವರಿಗಾಗಿ ಇದ್ದವಲ್ಲ. ಮಗುವಿಗೆ ನೆರಳು ಬೇಕಾದ ಮೊದಲ ಐದು ವರ್ಷ ಬಾಗಿಲು ಮುಚ್ಚಿ, ಆಮೇಲೆ ಪರೀಕ್ಷೆ ಇಟ್ಟು ತೆರೆಯುವುದೆಂದರೆ ಗುಳೆ ಹೋಗದವರ ಮಕ್ಕಳನ್ನು ಆರಿಸಿಕೊಳ್ಳುವುದೆಂದೇ ಅರ್ಥ.

ಹೇಗೋ ಒಳಗೆ ಹೋದ ಮಗುವಿಗೆ ಎದುರಾಗುವುದು ಭಾಷೆ. ಮನೆಯಲ್ಲಿ ಗೋರ್‌ಬೋಲಿ, ಊರ ಶಾಲೆಯಲ್ಲಿ ಕನ್ನಡ, ವಸತಿ ಶಾಲೆಯಲ್ಲಿ ಇಂಗ್ಲಿಷ್. ಉರ್ದು ಶಾಲೆಯ ಹಲಗೆಯಿಂದ ಎದ್ದು ಕನ್ನಡ ಶಾಲೆಯ ಬೆಂಚಿಗೆ ಬಂದು ಕೂತ ನಮ್ಮಂಥವರಿಗೆ ಈ ಜಿಗಿತ ಎಂಥದೆಂದು ಗೊತ್ತು. ಉತ್ತರ ತಿಳಿದಿರುತ್ತದೆ, ಬಾಯಿ ಏಳುವುದಿಲ್ಲ. ಮೇಷ್ಟ್ರು ಅದನ್ನು ದಡ್ಡತನವೆಂದು ಬರೆದುಕೊಳ್ಳುತ್ತಾರೆ. ನಮಗಾದರೂ ಲಿಪಿಯಿತ್ತು, ಉರ್ದು ಶಾಲೆಯಿತ್ತು, ಸಂವಿಧಾನದ 350ಎ ವಿಧಿಯನ್ನು ಹಿಡಿದು ವಾದಿಸುವ ಹಿರಿಯರಿದ್ದರು. ಸ್ವಂತ ಲಿಪಿಯಿಲ್ಲದ ಗೋರ್‌ಬೋಲಿಗೆ ಯಾರಿದ್ದಾರೆ? 2009ರ ಶಿಕ್ಷಣ ಹಕ್ಕು ಕಾಯ್ದೆ ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಕಲಿಸಬೇಕೆನ್ನುತ್ತದೆ. ಆ "ಸಾಧ್ಯವಾದಷ್ಟು" ಎಂಬ ಪದದ ಸಂದಿಯಲ್ಲಿ ತಾಂಡಾದ ಭಾಷೆ ಬಿದ್ದುಹೋಗಿದೆ. ಪಠ್ಯಪುಸ್ತಕದ ಮಾತು ಹಾಗಿರಲಿ. ರಾತ್ರಿ ಜ್ವರ ಬಂದಾಗ "ಯಾಡಿ" ಎಂದು ನರಳುವ ಮಗು ಅಮ್ಮನನ್ನು ಕರೆಯುತ್ತಿದೆಯೆಂದು ತಿಳಿಯುವ ಒಬ್ಬ ಆಯಾ, ಒಬ್ಬ ಅಡುಗೆಯವಳು ಆ ಕಟ್ಟಡದಲ್ಲಿರಬೇಕು. ನೀರಿಗೆ ಅವರು ಪಾಣಿ ಎನ್ನುತ್ತಾರೆ, ನಾವು ಪಾನಿ ಎನ್ನುತ್ತೇವೆ. ಕಲಿಯಲು ಅಷ್ಟು ಕಷ್ಟದ ಭಾಷೆಯೇನಲ್ಲ. ತಾಂಡಾಗಳಲ್ಲಿ ಓದಿದ ಹೆಣ್ಣುಮಕ್ಕಳೂ ಈಗ ಇದ್ದಾರೆ. ಆ ಕೆಲಸವನ್ನು ಅವರಿಗೇ ಕೊಟ್ಟರೆ ಕೆಲವರಾದರೂ ಕಾಫಿ ತೋಟಕ್ಕೆ ಹೋಗುವುದು ತಪ್ಪುತ್ತದೆ.

ಮಕ್ಕಳನ್ನು ಮನೆಯಿಂದ ದೂರವಿಟ್ಟು ಓದಿಸುವುದು ಮುಸ್ಲಿಮರಿಗೆ ಹೊಸದಲ್ಲ. ನಮ್ಮ ಮದ್ರಸಾಗಳ ಕುಂದುಕೊರತೆಗಳ ಬಗ್ಗೆ ಬೇಕಾದಷ್ಟು ಹೇಳಬಹುದು, ಹೇಳಿಯೂ ಇದ್ದೇವೆ. ಆದರೆ ಒಂದು ವಿಷಯದಲ್ಲಿ ಅವು ಸರಕಾರಿ ಹಾಸ್ಟೆಲಿಗಿಂತ ಜಾಣ. ಅವುಗಳ ವರ್ಷ ಸಮುದಾಯದ ವರ್ಷದೊಂದಿಗೆ ನಡೆಯುತ್ತದೆ. ಶಾಬಾನಿನಲ್ಲಿ ಪರೀಕ್ಷೆ ಮುಗಿದು, ರಮಝಾನಿಗೆ ಮಗು ಮನೆಯಲ್ಲಿರುತ್ತದೆ, ಶವ್ವಾಲಿನಲ್ಲಿ ಮರಳುತ್ತದೆ. ಹಬ್ಬಕ್ಕೆ ಊರಿಗೆ ಹೋಗಿಬಂದ ಹುಡುಗನನ್ನು ಗೈರುಹಾಜರಿ ಎಂದು ಯಾರೂ ಬರೆಯುವುದಿಲ್ಲ. ತಾಂಡಾದ ಮಗುವಿಗೂ ಒಂದು ವರ್ಷವಿದೆ. ಶ್ರಾವಣದಲ್ಲಿ ಹುಡುಗಿಯರು ಗೋಧಿಯ ಸಸಿ ಬೆಳೆಸುವ ತೀಜ್, ದೀಪಾವಳಿಯಲ್ಲಿ ಮನೆಮನೆಗೆ ಹೋಗಿ ಹಾರೈಸುವ ಮೇರಾ. ಅದಾದ ಮೇಲೆ ತಾಯಿತಂದೆ ಗುಳೆ ಹೊರಡುತ್ತಾರೆ. ಹೊರಡುವ ಮುಂಚಿನ ಆ ನಾಲ್ಕು ದಿನ ಮಗು ಅವರ ಬಳಿ ಇರಬೇಕು. ನಡುವೆ ಒಮ್ಮೆ ತೋಟಕ್ಕೆ ಹೋಗಿ ಅವರನ್ನು ನೋಡಿಬರಬೇಕು. ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡಬೇಕು. ಹದಿನೈದು ದಿನ ತಪ್ಪಿಸಿಕೊಂಡು ಬಂದರೆ ಹೆಸರು ಹೊಡೆಯದೆ ತರಗತಿಗೆ ಕೂರಿಸಿಕೊಳ್ಳಬೇಕು. ಇದಾವುದಕ್ಕೂ ಕೋಟಿಗಟ್ಟಲೆ ಹಣ ಬೇಕಿಲ್ಲ.

ಬಂಜಾರರು ಸೇವಾಲಾಲರ ಜನ್ಮಸ್ಥಳವೆಂದು ನಂಬುವ ಸೂರಗೊಂಡನಕೊಪ್ಪ ನಮ್ಮ ನೆರೆಯ ನ್ಯಾಮತಿ ತಾಲೂಕಿನಲ್ಲೇ ಇದೆ. ಫೆಬ್ರುವರಿ 15ರ ಹೊತ್ತಿಗೆ ನಡೆಯುವ ಜಾತ್ರೆಗೆ ದೂರದೂರದ ರಾಜ್ಯಗಳಿಂದ ಜನ ಬರುತ್ತಾರೆ, ಮಂತ್ರಿಗಳೂ ಬಂದು ಭಾಷಣ ಮಾಡುತ್ತಾರೆ. ಮುಂದಿನ ಜಾತ್ರೆಗೆ ಬರುವ ಮಂತ್ರಿಗಳನ್ನು ಬಂಜಾರ ಮುಖಂಡರು, ಅವರ ಜೊತೆ ನಾವೂ ನಿಂತು ಕೇಳಬೇಕಾದ್ದು ಮೂರ್ತಿಯನ್ನಲ್ಲ, ಭವನವನ್ನಲ್ಲ. ಒಂದನೆಯ ತರಗತಿಯಿಂದಲೇ ಬಾಗಿಲು ತೆರೆದಿರುವ, ಗೋರ್‌ಬೋಲಿ ಬಲ್ಲ ಒಬ್ಬರಾದರೂ ರಾತ್ರಿ ಮಲಗುವ ಹಾಸ್ಟೆಲನ್ನು ಚನ್ನಗಿರಿ ತಾಲೂಕಿನಲ್ಲಿ ಕೇಳಬೇಕು. ಜೊತೆಗೆ, ಆ ದಿನ ಸುತ್ತಲಿನ ವಸತಿ ಶಾಲೆಗಳ ತಾಂಡಾ ಮಕ್ಕಳನ್ನು ಜಾತ್ರೆಗೆ ಕರೆತರಲು ಒಂದೊಂದು ಬಸ್ಸನ್ನು ಕೇಳಬೇಕು.