ಗೋಡೆಗೇರಿದ ರದ್ದಿ

ಮೊನ್ನೆ ಮಿತ್ರರೊಬ್ಬರ ಮನೆಯಲ್ಲಿ ಕನ್ನಡಿಯ ಸುತ್ತ ಸೂರ್ಯಕಿರಣಗಳಂತೆ ಕಾಗದದ ಸುರುಳಿಗಳನ್ನು ಅಂಟಿಸಿದ್ದರು. ಹತ್ತಿರ ಹೋಗಿ ನೋಡಿದರೆ ಕನ್ನಡದ ಅಕ್ಷರಗಳು! ಮಿತ್ರರ ತಂದೆ ಧಾರಾವಾಹಿಗಾಗಿ ಕೂಡಿಟ್ಟಿದ್ದ 1950ರ ದಶಕದ ವಾರಪತ್ರಿಕೆಯ ಹಾಳೆಗಳಂತೆ. ಒಂದು ಸುರುಳಿಯ ಮೇಲೆ ಅರ್ಧ ವಾಕ್ಯವಿತ್ತು; ಉಳಿದರ್ಧ ಒಳಗೆ, ಗೋಂದಿನಡಿ.

“ಆ ಹಳದಿ ಬಣ್ಣ ಎಷ್ಟು ಚೆಂದ ನೋಡಿ ಮೇಷ್ಟ್ರೇ. ಇಲ್ಲದಿದ್ದರೆ ರದ್ದಿಯವನ ಪಾಲಾಗುತ್ತಿತ್ತು” ಎಂದರು ಮನೆಯಾಕೆ.

ರದ್ದಿಯಿಂದ ಕಲೆ ಹುಟ್ಟಬಾರದೆಂದು ಹೇಳುವವನಲ್ಲ ನಾನು. ಕಾಶ್ಮೀರದ ಕುಶಲಕರ್ಮಿಗಳು ಹಳೆಯ ಕಾಗದವನ್ನು ದಿನಗಟ್ಟಲೆ ನೆನೆಹಾಕಿ, ಒರಳಿನಲ್ಲಿ ಕುಟ್ಟಿ, ಅಕ್ಕಿಯ ಗಂಜಿ ಬೆರೆಸಿ, ಅಚ್ಚಿನ ಮೇಲೆ ಮೆತ್ತಿ, ಒಣಗಿಸಿ ಉಜ್ಜಿ ಚಿತ್ರ ಬರೆಯುತ್ತಾರೆ. ಅವರಿಗೆ ಯಾವ ಕಾಗದವಾದರೂ ಆದೀತು. ನಮ್ಮವರಿಗೆ ಮಾತ್ರ ಹಳದಿಯೇ ಬೇಕು. ಆ ಹಳದಿಯಾದರೂ ಏನು? ಮರದ ತಿರುಳಿನ ಅಗ್ಗದ ಕಾಗದ ಗಾಳಿ ಬೆಳಕಿಗೆ ಸಾಯುತ್ತಿರುವುದರ ಗುರುತು. ಮುಟ್ಟಿದರೆ ಮುರಿಯುವ ಮುನ್ನ ನಕಲು ತೆಗೆದಿಡಬೇಕಾದ ಹಾಳೆಗೆ ಇವರು ಕತ್ತರಿ ಹಾಕುತ್ತಾರೆ!

ರದ್ದಿಯವನೇ ವಾಸಿ. ಅವನ ಕೈಯಿಂದ ಕಡಲೆಕಾಯಿ ಪೊಟ್ಟಣವಾಗಿ ಬಂದ ಎಷ್ಟೋ ಕಥೆಗಳನ್ನು ಬಾಲ್ಯದಲ್ಲಿ ಬಿಡಿಸಿ ಓದಿದ್ದೇನೆ. ಗೋಡೆಯ ಸುರುಳಿಯನ್ನು ಬಿಡಿಸುವವರು ಯಾರು? ಮದುವೆಯ ಕರೆಯೋಲೆಗಳಿಲ್ಲವೇ, ಜಾಹೀರಾತಿನ ಕರಪತ್ರಗಳಿಲ್ಲವೇ? ಬೇಕಾದರೆ ಪರೀಕ್ಷೆಗೆಂದು ನಾನೇ ಬರೆದ ಗೈಡುಗಳನ್ನು ಕೊಡುತ್ತೇನೆ, ಕತ್ತರಿಸಲಿ.

ಉಳಿದ ಒಂಬತ್ತು ಸಂಚಿಕೆಗಳನ್ನು ಬೇಡಿ ತಂದಿದ್ದೇನೆ. ಧಾರಾವಾಹಿಯ ಕೊನೆಯ ಕಂತು ಅವುಗಳಲ್ಲಿಲ್ಲ. ಅದು ಕನ್ನಡಿಯ ಸುತ್ತ ಇದೆ.